ಗೋಲಿ ಚೀಲದಿಂದ ಶುರುವಾದ ಹೊಲಿಗೆ

ನಮ್ಮ ಮನೆಯಲ್ಲಿ ಹೊಲಿಗೆಯು ಮನೆಗೆಲಸಗಳಲ್ಲೊಂದು. ದಿಂಬಿನ ಚೀಲ, ಮಕ್ಕಳ ಪೈಜಾಮ, ಮನೆಯಲ್ಲಿ ತೊಡುವ ಸಡಿಲ ಅಂಗಿ, ಕಿಟಕಿಯ ಪರದೆ, ಕೈಚೀಲ ಇಷ್ಟನ್ನು ನಾನೇ ಹೊಲಿಯುತ್ತೇನೆ. ಕಾಲರ್ ಇರುವ ಅಂಗಿ, ಕೋಟು, ಜೀನ್ಸ್ ಮುಂತಾದವುಗಳ ತಂಟೆಗೆ ಹೋಗುವುದಿಲ್ಲ. ಮನೆಯಲ್ಲಿ ಹೊಲಿದರೆ ದುಡ್ಡು ಉಳಿಯುತ್ತದೆ ಎಂದು ಹಲವರು ಹೇಳುವುದುಂಟು. ಆದರೆ ಒಳ್ಳೆಯ ಬಟ್ಟೆ, ದಾರ, ಗುಂಡಿ, ಜಿಪ್ಪು ಇವುಗಳ ಜೊತೆಗೆ ಕುಳಿತು ದುಡಿದ ಹೊತ್ತನ್ನೂ ಲೆಕ್ಕಕ್ಕೆ ಹಿಡಿದರೆ ಆ ಮಾತು ಅಷ್ಟಾಗಿ ನಿಲ್ಲುವುದಿಲ್ಲ. ನಿಜವಾದ ಲಾಭವೆಂದರೆ ಬಟ್ಟೆಯನ್ನು ತೊಡುವವರ ಮೈಗೆ ತಕ್ಕಂತೆ ಕತ್ತರಿಸಿಕೊಳ್ಳಬಹುದು, ಮುಂದೆ ಬಿಚ್ಚಿ ದೊಡ್ಡದು ಮಾಡಲು ಬೇಕಾದಷ್ಟನ್ನು ಒಳಗೆ ಮಡಚಿ ಉಳಿಸಬಹುದು, ಹರಿದಾಗ ಎಲ್ಲಿಂದ ಬಿಚ್ಚಿ ಎಲ್ಲಿಗೆ ಹೊಲಿಯಬೇಕೆಂಬುದು ನಮಗೇ ಗೊತ್ತಿರುತ್ತದೆ.

ಮಕ್ಕಳ ಬಟ್ಟೆಯಲ್ಲಿ ಈ ಒಳಮಡಿಕೆಯ ಬೆಲೆ ಚೆನ್ನಾಗಿ ತಿಳಿಯುತ್ತದೆ. ಎರಡು ವರ್ಷ ದಾಟಿದ ಮಗು ಹದಿಹರೆಯದವರೆಗೆ ವರ್ಷಕ್ಕೆ ಸುಮಾರು 5ರಿಂದ 6 ಸೆಂಟಿಮೀಟರ್ ಎತ್ತರವಾಗುತ್ತದೆ, ಸೊಂಟದ ಸುತ್ತಳತೆ ಮಾತ್ರ ಆ ವೇಗದಲ್ಲಿ ಹೆಚ್ಚುವುದಿಲ್ಲ. ಆದ್ದರಿಂದಲೇ ಅಂಗಡಿಯ ಪೈಜಾಮ ಸೊಂಟದಲ್ಲಿ ಸರಿಯಾಗಿರುವಾಗಲೇ ಕಾಲಿನಲ್ಲಿ ಗಿಡ್ಡವಾಗಿಬಿಡುತ್ತದೆ. ನಾನು ಕಾಲಿನ ಅಂಚನ್ನು 6 ಸೆಂಟಿಮೀಟರಿನಷ್ಟು ಒಳಗೆ ಮಡಚಿ ಕೈಯಿಂದಲೇ ಸಡಿಲವಾಗಿ ಹೊಲಿಯುತ್ತೇನೆ. ಗಿಡ್ಡವೆನಿಸಿದಾಗ ಬಿಚ್ಚಿ ಇಳಿಸಿದರೆ ಮತ್ತೊಂದು ವರ್ಷಕ್ಕೆ ಧಾರಾಳವಾಗಿ ಬರುತ್ತದೆ. ಹಳೆಯ ಮಡಿಕೆಯ ಗೆರೆ ಒಗೆದರೂ ಹೋಗುವುದಿಲ್ಲವಾದ್ದರಿಂದ ಅದರ ಮೇಲೆ ಬೇರೆ ಬಣ್ಣದ ಒಂದು ಪಟ್ಟಿ ಕೂರಿಸುತ್ತೇನೆ. ಇಷ್ಟೆಲ್ಲಕ್ಕೂ ಮೊದಲು ಹತ್ತಿ ಬಟ್ಟೆಯನ್ನು ಒಮ್ಮೆ ಒಗೆದು ಒಣಗಿಸಿಯೇ ಕತ್ತರಿಸಬೇಕು. ಹೊಸ ಹತ್ತಿ ಬಟ್ಟೆ ನೂರಕ್ಕೆ ಮೂರರಿಂದ ಐದರಷ್ಟು ಕುಗ್ಗುವುದು ಸಾಮಾನ್ಯ, ಅಂದರೆ 60 ಸೆಂಟಿಮೀಟರಿನ ಕಾಲಿನಲ್ಲಿ ಸುಮಾರು 2ರಿಂದ 3 ಸೆಂಟಿಮೀಟರ್ ಮೊದಲ ಒಗೆತಕ್ಕೇ ಹೋಗಿಬಿಡುತ್ತದೆ. ಚಿಕ್ಕ ಮಕ್ಕಳ ಅಂಗಿಯ ಕೊರಳಿಗೆ ಅಥವಾ ಟೊಪ್ಪಿಗೆಗೆ ಎಷ್ಟೇ ಅಂದವೆನಿಸಿದರೂ ಲಾಡಿ ಹಾಕುವುದಿಲ್ಲ. ಅದು ಯಾವುದಕ್ಕಾದರೂ ಸಿಕ್ಕಿಕೊಂಡು ಕೊರಳನ್ನು ಬಿಗಿಯಬಹುದೆಂಬ ಕಾರಣಕ್ಕೆ ಯುರೋಪಿನ ಇಎನ್ 14682 ಎಂಬ ಮಾನದಂಡವು ಏಳು ವರ್ಷದೊಳಗಿನವರ ಉಡುಪಿನಲ್ಲಿ ಅದನ್ನು ಒಪ್ಪುವುದೇ ಇಲ್ಲ.

ನನ್ನ ಮಗಳಿಗೆ ಈಗ ಆರು ವರ್ಷ. ನಾನು ಹೊಲಿಯಲು ಕುಳಿತಾಗಲೆಲ್ಲ ಪಕ್ಕಕ್ಕೆ ಬಂದು ಕೂರುತ್ತಿದ್ದವಳ ಕೈಗೆ ಮೊದಲು ಕೊಟ್ಟದ್ದು ತೂತು ಮಾಡಿದ ರಟ್ಟು ಮತ್ತು ಶೂ ಲೇಸು. ಆ ಆಟಕ್ಕೆ ನಾಲ್ಕು ವರ್ಷದ ಕೈಯೂ ಸಾಕು, ಬೆರಳಿಗೆ ಒಳ್ಳೆಯ ಅಭ್ಯಾಸವೂ ಆಗುತ್ತದೆ. ಆದರೆ ಪೋಣಿಸಿ ಮುಗಿಸಿದ ಮೇಲೆ ಉಳಿಯುವುದು ಲೇಸು ಸುತ್ತಿದ ರಟ್ಟೇ ಹೊರತು ಮತ್ತೇನಲ್ಲ. ಅದನ್ನು ಬಿಚ್ಚಿ ಮತ್ತೆ ಪೋಣಿಸುವ ಆಟ ಮಗುವಿಗೆ ಬೇಗ ಬೇಸರ ತರಿಸುತ್ತದೆ. ಅಲ್ಲಿಂದ ಮುಂದೆ ಹೆಚ್ಚಿನವರು ಹಿಡಿಯುವುದು ಕಸೂತಿಯ ದಾರಿ: ಬಟ್ಟೆಯ ಮೇಲೆ ಹೂವಿನ ಗೆರೆ ಎಳೆದು ಅದರ ಮೇಲೆ ಹೊಲಿ ಎನ್ನುವುದು. ಇದಕ್ಕೆ ನನ್ನ ಒಪ್ಪಿಗೆಯಿಲ್ಲ. ಹೂವು ಸರಿಯಾಗಿ ಬಂದಿದೆಯೇ ಇಲ್ಲವೇ ಎಂಬುದನ್ನು ಪ್ರತಿಯೊಂದು ಎಳೆಗೂ ದೊಡ್ಡವರ ಮುಖ ನೋಡಿಯೇ ಮಗು ತಿಳಿಯಬೇಕಾಗುತ್ತದೆ. ನಾವು ಚೆನ್ನಾಗಿದೆ ಎಂದರೆ ಚೆನ್ನ, ಸೊಟ್ಟ ಎಂದರೆ ಸೊಟ್ಟ. ಮೊದಲ ಹೊಲಿಗೆ ಏನನ್ನಾದರೂ ಹಿಡಿದಿಡುವ ಕೆಲಸಕ್ಕೆ ಬರಬೇಕು, ಆಗ ಸರಿತಪ್ಪನ್ನು ಹೇಳುವ ಹೊಣೆ ನಮ್ಮದಾಗಿ ಉಳಿಯುವುದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹೀಗಾಗಿ ಅವಳ ಮೊದಲ ಕೆಲಸ ಒಂದು ಗೋಲಿ ಚೀಲವಾಯಿತು. ಹಳೆಯ ಹಾಸಿಗೆಯ ಹೊದಿಕೆಯಿಂದ ಕತ್ತರಿಸಿದ ತುಂಡನ್ನು ಎರಡಾಗಿ ಮಡಚಿ, ಎರಡು ಬದಿಗಳನ್ನು, ಸೂಜಿಯನ್ನು ಒಮ್ಮೆ ಕೆಳಕ್ಕೆ ಒಮ್ಮೆ ಮೇಲಕ್ಕೆ ಚುಚ್ಚುತ್ತ ಮುಂದೆ ಸಾಗುವ ರನ್ನಿಂಗ್ ಸ್ಟಿಚ್‌ನಲ್ಲಿ ಹೊಲಿದು, ಒಳಗಿನದನ್ನು ಹೊರಗೆ ತಿರುಗಿಸಿದರೆ ಚೀಲ ಸಿದ್ಧ. ಸಾಮಾನ್ಯ ಗೋಲಿಯ ಅಡ್ಡಳತೆ ಸುಮಾರು 16 ಮಿಲಿಮೀಟರ್. ಹೊಲಿಗೆಗಳು ಒಂದು ಸೆಂಟಿಮೀಟರಿಗಿಂತ ಚಿಕ್ಕದಾಗಿದ್ದರೆ ಎಷ್ಟೇ ಅಂಕುಡೊಂಕಾಗಿದ್ದರೂ ಗೋಲಿ ಹೊರಬರಲಾರದು. ಎಲ್ಲಾದರೂ ಎರಡು ಬೆರಳಗಲ ಬಿಟ್ಟುಹೋಗಿದ್ದರೆ ಚೀಲವನ್ನು ಎತ್ತಿ ಅಲುಗಾಡಿಸಿದೊಡನೆ ಗೋಲಿ ನೆಲಕ್ಕೆ ಬಿದ್ದು ಉರುಳುತ್ತದೆ. ಬಿದ್ದ ಗೋಲಿಯನ್ನು ಹೆಕ್ಕಿಕೊಂಡು, ಚೀಲದ ಅಂಚಿನುದ್ದಕ್ಕೂ ಬೆರಳಾಡಿಸಿ, ಆ ಜಾಗವನ್ನು ಅವಳೇ ಹುಡುಕಿ "ಅಮ್ಮ, ಇಲ್ಲಿ ಬಾಯಿ ಬಿಟ್ಟಿದೆ" ಎಂದು ತೋರಿಸಿದಳು. ನಾನು ಒಂದು ಮಾತೂ ಆಡಬೇಕಾಗಿ ಬರಲಿಲ್ಲ. ಅಂಕುಡೊಂಕಿನ ಬಗ್ಗೆ ನಾನು ಸುಮ್ಮನಿದ್ದದ್ದೂ ಉದ್ದೇಶಪೂರ್ವಕವೇ, ಏಕೆಂದರೆ ಗೋಲಿಯನ್ನು ಹಿಡಿದಿಡಲು ನೇರವಾದ ಗೆರೆ ಬೇಕಿಲ್ಲ.

ಇನ್ನು ಸಾಮಾನುಗಳ ವಿಚಾರ. ಮಕ್ಕಳ ಕೈಗೆ ಮೊಂಡು ತುದಿಯ ಸೂಜಿಯನ್ನೇ ಕೊಡಬೇಕೆಂಬ ನಂಬಿಕೆ ವ್ಯಾಪಕವಾಗಿದೆ. ಗೋಣಿಯಂತೆ ಬಿಡಿಬಿಡಿಯಾಗಿ ನೇಯ್ದ ಬಟ್ಟೆಯಾದರೆ ಅದು ಸರಿ, ಅಲ್ಲಿ ಸೂಜಿ ಎಳೆಗಳ ನಡುವಿನ ಸಂದಿನಲ್ಲಿ ತಾನಾಗಿಯೇ ತೂರುತ್ತದೆ. ಆದರೆ ಒತ್ತಾಗಿ ನೇಯ್ದ ಹತ್ತಿ ಬಟ್ಟೆಗೆ ಮೊಂಡು ಸೂಜಿ ಕೊಟ್ಟರೆ ಮಗು ಮೈಯ ಬಲವನ್ನೆಲ್ಲ ಹಾಕಿ ಒತ್ತುತ್ತದೆ, ಸೂಜಿ ಬಟ್ಟೆಯನ್ನು ದಾಟುವ ಕ್ಷಣದಲ್ಲಿ ಅದೇ ಬಲದಿಂದ ಜಾರಿ ಅತ್ತ ಹಿಡಿದ ಬೆರಳಿಗೆ ತಾಗುತ್ತದೆ. ಚೂಪು ತುದಿಯ, ತುಸು ದಪ್ಪಗಿರುವ, ಕಣ್ಣು ದೊಡ್ಡದಿರುವ ಕಸೂತಿ ಸೂಜಿ ನನ್ನ ಪ್ರಕಾರ ಹೆಚ್ಚು ಸುರಕ್ಷಿತ, ಏಕೆಂದರೆ ಅದಕ್ಕೆ ಬಲವೇ ಬೇಡ. ಸೂಜಿಯ ಪೊಟ್ಟಣ ಕೊಳ್ಳುವಾಗ ಸಂಖ್ಯೆಗಳು ಗೊಂದಲ ಮಾಡುತ್ತವೆ: ಕೈಸೂಜಿಯಲ್ಲಿ ಸಂಖ್ಯೆ ಏರಿದಂತೆ ಸೂಜಿ ತೆಳುವಾಗುತ್ತದೆ, ಯಂತ್ರದ ಸೂಜಿಯಲ್ಲಿ ಸಂಖ್ಯೆ ಏರಿದಂತೆ ದಪ್ಪವಾಗುತ್ತದೆ. ಯಂತ್ರದ ಸೂಜಿಯ ಮೇಲಿನ 90 ಎಂಬ ಅಂಕಿಯು ಅದರ ದಪ್ಪ 0.9 ಮಿಲಿಮೀಟರ್ ಎಂಬುದನ್ನು ನೇರವಾಗಿಯೇ ಹೇಳುತ್ತದೆ. ಕೈಸೂಜಿಯ ಅಂಕಿಗಳಿಗೆ ಅಂಥ ಸರಳ ಲೆಕ್ಕವಿಲ್ಲ.

ದಾರದ ಉದ್ದವನ್ನು ಮಗುವಿನ ತೋಳಿನಿಂದಲೇ ಅಳೆಯಬೇಕು. ತೋಳಿಗಿಂತ ಉದ್ದವಾದ ದಾರ ಕೊಟ್ಟರೆ ಪ್ರತಿ ಸಲ ಎಳೆಯುವಾಗಲೂ ಅವಳು ಎದ್ದು ನಿಲ್ಲುತ್ತಾಳೆ, ಅಥವಾ ದಾರ ಅರ್ಧದಲ್ಲೇ ಸಡಿಲವಾಗಿ ಉಳಿದು ಅಡಿಯಲ್ಲಿ ಕುಣಿಕೆಯಾಗುತ್ತದೆ. ದೊಡ್ಡವರಿಗೆ ಸಾಮಾನ್ಯವಾಗಿ ಹೇಳುವ 45 ಸೆಂಟಿಮೀಟರಿನ ಅಳತೆಯೇ ಆರು ವರ್ಷದವರಿಗೂ ಸರಿಹೊಂದುತ್ತದೆ. ಸೂಜಿಯ ಕಣ್ಣಿನಿಂದ ದಾರ ಕಳಚಿಕೊಳ್ಳುವುದು ಮಕ್ಕಳ ಅತಿ ದೊಡ್ಡ ಗೋಳಾದ್ದರಿಂದ ಮೊದಮೊದಲು ದಾರವನ್ನು ಜೋಡಿ ಎಳೆ ಮಾಡಿ ತುದಿಗಳನ್ನು ಕೂಡಿಸಿ ಗಂಟು ಹಾಕುವುದು ಒಳ್ಳೆಯದು. ಬಟ್ಟೆ ಬಿಳಿಯಾದರೆ ದಾರ ಕೆಂಪಾಗಿರಲಿ. ಬಟ್ಟೆಯದೇ ಬಣ್ಣದ ದಾರ ಕೊಟ್ಟರೆ ತಾನು ಎಲ್ಲಿ ಹೊಲಿದೆ ಎಂಬುದೇ ಮಗುವಿಗೆ ಕಾಣುವುದಿಲ್ಲ.

ಹೊಲಿಯುತ್ತ ಹೋದಂತೆ ದಾರಕ್ಕೆ ಹುರಿ ಏರುತ್ತದೆ ಇಲ್ಲವೇ ಬಿಚ್ಚುತ್ತದೆ, ಏಕೆಂದರೆ ಪ್ರತಿಯೊಂದು ಹೊಲಿಗೆಯಲ್ಲೂ ಬೆರಳುಗಳು ಸೂಜಿಯನ್ನು ಅರಿವಿಲ್ಲದೆಯೇ ಒಂದಿಷ್ಟು ತಿರುಗಿಸುತ್ತವೆ. ಹುರಿ ಹೆಚ್ಚಾದ ದಾರ ತನ್ನ ಮೇಲೆ ತಾನೇ ಸುತ್ತಿಕೊಂಡು ಸಿಕ್ಕಾಗುತ್ತದೆ. ಇದಕ್ಕೆ ಮಗಳಿಗೆ ಬಹಳ ಇಷ್ಟವಾದ ಒಂದು ಉಪಾಯವಿದೆ: ಬಟ್ಟೆಯನ್ನು ಮೇಲಕ್ಕೆತ್ತಿ ಹಿಡಿದು ಸೂಜಿಯನ್ನು ದಾರದ ತುದಿಯಲ್ಲಿ ಜೋತುಬಿಡುವುದು. ಸೂಜಿ ಗಿರಗಿರನೆ ತಿರುಗುತ್ತದೆ, ನಿಧಾನವಾಗುತ್ತದೆ, ಒಂದಿಷ್ಟು ಹಿಂದಕ್ಕೂ ತಿರುಗಿ ಕೊನೆಗೆ ನಿಲ್ಲುತ್ತದೆ. ಅಷ್ಟರಲ್ಲಿ ದಾರ ನೇರವಾಗಿರುತ್ತದೆ. ಸಿಕ್ಕಾಗದಿದ್ದಾಗಲೂ ಅವಳು ಇದನ್ನು ಮಾಡುತ್ತಾಳೆಂಬುದು ಬೇರೆ ಮಾತು.

ಕಲಿಸುವಾಗ ಪಕ್ಕದಲ್ಲಿ ಕೂರಬೇಕೇ, ಎದುರಿಗೆ ಕೂರಬೇಕೇ ಎಂಬುದು ಕೈಯನ್ನು ಅವಲಂಬಿಸಿದೆ. ನಾನು ಬಲಗೈಯವಳು, ಮಗಳು ಎಡಗೈಯವಳು. ಪಕ್ಕದಲ್ಲಿ ಕುಳಿತರೆ ನನ್ನ ಕೈ ನೋಡಿ ಹೊಲಿಯಲು ಅವಳಿಗೆ ಎಲ್ಲವನ್ನೂ ಮನಸ್ಸಿನಲ್ಲೇ ತಿರುಗುಮುರುಗು ಮಾಡಬೇಕಾಗುತ್ತದೆ. ಎದುರಿಗೆ ಕುಳಿತರೆ ನನ್ನ ಬಲಗೈ ಅವಳ ಎಡಗೈಗೆ ಎದುರಾಗುವುದರಿಂದ ಕಂಡದ್ದನ್ನು ಕಂಡಂತೆಯೇ ಮಾಡಬಹುದು. ನಾನು ಬಲದಿಂದ ಎಡಕ್ಕೆ ಹೊಲಿದರೆ ಅವಳು ಎಡದಿಂದ ಬಲಕ್ಕೆ ಹೊಲಿಯುತ್ತಾಳೆ, ಅಷ್ಟೇ ವ್ಯತ್ಯಾಸ. ಕತ್ತರಿಯ ವಿಷಯದಲ್ಲಿ ಮಾತ್ರ ಎದುರು ಕುಳಿತು ಪ್ರಯೋಜನವಿಲ್ಲ. ಸಾಮಾನ್ಯ ಕತ್ತರಿಯ ಅಲಗುಗಳು ಬಲಗೈಯ ಹಿಡಿತದ ಒತ್ತಡಕ್ಕೆ ಒಂದಕ್ಕೊಂದು ಅಂಟಿಕೊಳ್ಳುವಂತೆ ಇರುತ್ತವೆ; ಎಡಗೈಯಲ್ಲಿ ಅದೇ ಒತ್ತಡ ಅಲಗುಗಳನ್ನು ದೂರ ಮಾಡುತ್ತದೆ, ಬಟ್ಟೆ ಕತ್ತರಿಸದೆ ನಡುವೆ ಮಡಚಿಕೊಳ್ಳುತ್ತದೆ, ಮೇಲಿನ ಅಲಗು ಗೆರೆಯನ್ನೂ ಮರೆಮಾಡುತ್ತದೆ. ಮಗುವಿಗೆ ಕತ್ತರಿಸಲು ಬರುವುದಿಲ್ಲ ಎಂದು ತೀರ್ಮಾನಿಸುವ ಮೊದಲು ಎಡಗೈಯವರ ಕತ್ತರಿಯನ್ನು ತಂದುಕೊಡಬೇಕು. ಬಟ್ಟೆಯ ಕತ್ತರಿಯಿಂದ ಕಾಗದ ಕತ್ತರಿಸಬಾರದೆಂಬ ಮನೆಯ ಕಾನೂನಿಗೂ ಕಾರಣವಿದೆ: ಕಾಗದದಲ್ಲಿ ಸೇರಿಸಿರುವ ಖನಿಜದ ಪುಡಿ ಅಲಗನ್ನು ಬೇಗ ಮೊಂಡು ಮಾಡುತ್ತದೆ. ಕಾರಣವನ್ನು ವಿವರಿಸಿದ ಮೇಲೆ ಈ ಕಾನೂನನ್ನು ಮನೆಯಲ್ಲಿ ಎಲ್ಲರಿಗಿಂತ ಕಟ್ಟುನಿಟ್ಟಾಗಿ ಜಾರಿ ಮಾಡುತ್ತಿರುವವಳು ಅವಳೇ.

ಎಲ್ಲ ಮಕ್ಕಳೂ ಮಾಡುವ ಒಂದು ಕೆಲಸವಿದೆ. ಸೂಜಿಯನ್ನು ಬಟ್ಟೆಯಲ್ಲಿ ಕೆಳಕ್ಕೆ ಇಳಿಸಿ ಎಳೆದಮೇಲೆ, ಅಡಿಯಿಂದ ಮತ್ತೆ ಮೇಲಕ್ಕೆ ಚುಚ್ಚುವ ಬದಲು ಅಂಚನ್ನು ಬಳಸಿ ತಂದು ಮೇಲಿನಿಂದಲೇ ಚುಚ್ಚುತ್ತಾರೆ. ದಾರ ಅಂಚಿನ ಸುತ್ತ ಸುತ್ತಿಕೊಂಡು ಹೋಗುತ್ತದೆ. ಅಡಿಯಿಂದ ಚುಚ್ಚುವಾಗ ಸೂಜಿಯ ತುದಿ ಎಲ್ಲಿ ಏಳುತ್ತದೆಂದು ಕಾಣುವುದಿಲ್ಲವಾದ್ದರಿಂದ ಕಾಣುವ ಬದಿಯಲ್ಲೇ ಉಳಿಯಲು ಅವರು ಬಯಸುವುದು ಸಹಜ. ಗೆರೆಯ ಮೇಲೆ ಒಂದು ಕೆಂಪು, ಒಂದು ನೀಲಿ ಎಂದು ಚುಕ್ಕೆಗಳನ್ನಿಟ್ಟು, ಕೆಂಪಿನಲ್ಲಿ ಇಳಿಯಬೇಕು, ನೀಲಿಯಲ್ಲಿ ಏಳಬೇಕು ಎಂದು ಹೇಳಿಕೊಟ್ಟರೆ ಇದು ಬೇಗ ಸರಿಹೋಗುತ್ತದೆ. ಹಾಗೆಂದು ಅಂಚು ಸುತ್ತಿದ್ದನ್ನು ನಾನು ಬಿಚ್ಚಿಸಲಿಲ್ಲ. ಕತ್ತರಿಸಿದ ಬಟ್ಟೆಯಿಂದ ಎಳೆ ಬಿಟ್ಟುಕೊಳ್ಳದಂತೆ ತಡೆಯಲು ನಾವು ದೊಡ್ಡವರೂ ಅಂಚು ಸುತ್ತಿಯೇ ಹೊಲಿಯುತ್ತೇವೆ. ಆ ಬದಿಯಿಂದ ಗೋಲಿ ಬೀಳಲೂ ಇಲ್ಲ. ಬಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಹೊಲಿದು ತನ್ನ ಫ್ರಾಕನ್ನೂ ಸೇರಿಸಿಬಿಡುವುದು ಇನ್ನೊಂದು ಸಾಮಾನ್ಯ ಸಂಗತಿ; ಮೇಜಿನ ಮುಂದೆ ಕೂರಿಸಿ, ಬಟ್ಟೆಯನ್ನು ಕಸೂತಿಯ ಬಳೆಯಲ್ಲಿ ಬಿಗಿದುಕೊಟ್ಟರೆ ಅದು ತಪ್ಪುತ್ತದೆ.

ಗೋಲಿ ಚೀಲ ಮುಗಿದ ಮೇಲೆ ಮಣಿಗಳ ಚೀಲ, ಅದಾದ ಮೇಲೆ ಎಸೆದು ಆಡಲು ಒಣ ಕಾಳು ತುಂಬಿದ ಪುಟ್ಟ ದಿಂಬು, ಹೀಗೆ ಒಳಗಿನ ವಸ್ತು ಚಿಕ್ಕದಾಗುತ್ತ ಹೋಯಿತು. ವಸ್ತು ಚಿಕ್ಕದಾದಂತೆ ಹೊಲಿಗೆಯೂ ಚಿಕ್ಕದಾಗಲೇಬೇಕು. ಆದರೆ ಕಾಳಿನ ದಿಂಬಿನಲ್ಲಿ ಹೊಲಿಗೆ ಚಿಕ್ಕದಿದ್ದರೂ ಸಾಲಲಿಲ್ಲ, ಗೋಡೆಗೆ ಎಸೆದಾಗಲೆಲ್ಲ ಸಂದಿನಿಂದ ಒಂದೆರಡು ಕಾಳು ಹೊರಗಿಣುಕುತ್ತಿದ್ದವು. ರನ್ನಿಂಗ್ ಸ್ಟಿಚ್‌ನಲ್ಲಿ ಮೇಲ್ಬದಿಯಲ್ಲಿ ದಾರವಿರುವಲ್ಲಿ ಅಡಿಯಲ್ಲಿ ದಾರವಿರುವುದಿಲ್ಲ, ಬಟ್ಟೆಯನ್ನು ಜಗ್ಗಿದರೆ ಸಂದು ತೆರೆದುಕೊಳ್ಳುತ್ತದೆ. ಬ್ಯಾಕ್ ಸ್ಟಿಚ್‌ನಲ್ಲಿ ಪ್ರತಿ ಸಲವೂ ಒಂದು ಹೆಜ್ಜೆ ಹಿಂದಕ್ಕೆ ಚುಚ್ಚಿ ಎರಡು ಹೆಜ್ಜೆ ಮುಂದೆ ಏಳುವುದರಿಂದ ಮೇಲಿನ ಗೆರೆ ಎಲ್ಲಿಯೂ ತುಂಡಾಗುವುದಿಲ್ಲ. ಇದನ್ನು ನಾನು ಮೊದಲ ಚೀಲದಲ್ಲೇ ಕಲಿಸಬಹುದಿತ್ತು, ಆದರೆ ಆಗ ಅದು ನಿಧಾನವಾದ, ಕಿರಿಕಿರಿಯ ಹೊಲಿಗೆ ಎನಿಸುತ್ತಿತ್ತು. ಕಾಳು ಸೋರಿದ ಮೇಲೆ ಕಲಿಸಿದಾಗ ಅದೊಂದು ಪರಿಹಾರವಾಗಿ ಬಂತು. ಅದೇ ರನ್ನಿಂಗ್ ಸ್ಟಿಚ್‌ನ ಇನ್ನೊಂದು ದೌರ್ಬಲ್ಯ, ಅಂದರೆ ಒಂದು ತುದಿಯನ್ನು ಎಳೆದರೆ ಬಟ್ಟೆಯೆಲ್ಲ ನೆರಿಗೆಗಟ್ಟುವುದು, ಚೀಲದ ಬಾಯಿಯನ್ನು ಬಿಗಿಯಲು ಬಳಕೆಗೆ ಬಂತು.

ಬಿಚ್ಚುವುದನ್ನೂ ಹೊಲಿಗೆಯ ಜೊತೆಯಲ್ಲೇ ಕಲಿಸಬೇಕು. ನಮ್ಮಲ್ಲಿ ಅದಕ್ಕೆ ಮೊಂಡು ಸೂಜಿಯನ್ನು ಇಟ್ಟುಕೊಂಡಿದ್ದೇವೆ. ಅದರ ತುದಿಯನ್ನು ಹೊಲಿಗೆಯ ಅಡಿಗೆ ತೂರಿಸಿ ಎತ್ತಿ, ಒಂದೊಂದೇ ಹೊಲಿಗೆಯನ್ನು ಬಿಡಿಸುತ್ತ ಹಿಂದಕ್ಕೆ ಹೋಗಬಹುದು. ಎಲ್ಲಿಯವರೆಗೆ ಬಿಚ್ಚಬೇಕೆಂಬ ತೀರ್ಮಾನ ಹೊಲಿದವರದೇ. ಮಗು ಮಲಗಿದ ಮೇಲೆ ಅದರ ಸೊಟ್ಟ ಹೊಲಿಗೆಯನ್ನು ಬಿಚ್ಚಿ ನೆಟ್ಟಗೆ ಹೊಲಿದಿಡುವ ದೊಡ್ಡವರನ್ನು ನಾನು ಕಂಡಿದ್ದೇನೆ. ಅದರ ಹಿಂದೆ ಪ್ರೀತಿಯೇ ಇರಬಹುದು, ಆದರೆ ಬೆಳಿಗ್ಗೆ ಆ ಚೀಲ ಕೈಗೆ ಸಿಕ್ಕಾಗ ಮಗುವಿಗೆ ಅದು ತನ್ನದಲ್ಲವೆಂದು ತಕ್ಷಣ ತಿಳಿಯುತ್ತದೆ.

ಗುಂಡಿ ಹಚ್ಚುವ ಕೆಲಸವನ್ನು ಅವಳು ಅವರಪ್ಪನ ಅಂಗಿಯ ಮೇಲೆ ಕಲಿತಳು, ತೊಡುವ ಅಂಗಿಯ ಮೇಲೆಯೇ. ಗುಂಡಿಯನ್ನು ಬಟ್ಟೆಗೆ ಒತ್ತಿ ಬಿಗಿಯಾಗಿ ಹೊಲಿದರೆ ಅದು ಗಟ್ಟಿಯಾಗಿಯೇನೋ ಕೂರುತ್ತದೆ, ಆದರೆ ಕಾಜದೊಳಗೆ ತೂರಿಸಿದಾಗ ಕಾಜವಿರುವ ಪಟ್ಟಿಯ ದಪ್ಪಕ್ಕೆ ಜಾಗವಿಲ್ಲದೆ ಸುತ್ತಲಿನ ಬಟ್ಟೆ ಸುಕ್ಕುಗಟ್ಟುತ್ತದೆ, ದಾರವೂ ಬೇಗ ಸವೆಯುತ್ತದೆ. ಅದಕ್ಕಾಗಿ ಗುಂಡಿಯ ಮೇಲೆ ಎರಡು ತೂತುಗಳ ನಡುವೆ ಒಂದು ಬೆಂಕಿಕಡ್ಡಿಯನ್ನು ಅಡ್ಡ ಇಟ್ಟು, ದಾರ ಅದರ ಮೇಲಿಂದ ಹಾಯುವಂತೆ ಹೊಲಿಯಬೇಕು. ನಾಲ್ಕೈದು ಸುತ್ತು ಆದಮೇಲೆ ಕಡ್ಡಿಯನ್ನು ಎಳೆದುಬಿಟ್ಟು ಗುಂಡಿಯನ್ನು ಮೇಲಕ್ಕೆತ್ತಿದರೆ ಗುಂಡಿಗೂ ಬಟ್ಟೆಗೂ ನಡುವೆ ದಾರದ ಸಡಿಲ ಎಳೆಗಳು ಕಾಣುತ್ತವೆ. ಸೂಜಿಯನ್ನು ಆ ಸಂದಿಗೆ ತಂದು ಎಳೆಗಳ ಸುತ್ತ ದಾರವನ್ನು ಬಿಗಿಯಾಗಿ ಸುತ್ತಿ, ಅಡಿಯಲ್ಲಿ ಗಂಟು ಹಾಕಿದರೆ ಗುಂಡಿಗೊಂದು ಗಟ್ಟಿ ಕಾಲು ಬರುತ್ತದೆ. ಕಡ್ಡಿ ಎಳೆಯುವ ಹಂತವನ್ನು ನೋಡಲೆಂದೇ ಅವಳು ಮನೆಯ ಅಂಗಿಗಳಲ್ಲಿ ಸಡಿಲವಾದ ಗುಂಡಿ ಹುಡುಕುತ್ತಿರುತ್ತಾಳೆ. ಆದರೆ ಮೂರು ವರ್ಷದೊಳಗಿನ ಮಕ್ಕಳ ಬಟ್ಟೆಯ ಗುಂಡಿಯನ್ನು ಅವಳಿಗೆ ಬಿಡುವುದಿಲ್ಲ, ಏಕೆಂದರೆ ಕಿತ್ತುಬಂದ ಗುಂಡಿ ನೇರವಾಗಿ ಆ ಮಗುವಿನ ಬಾಯಿಗೆ ಹೋಗಿ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು.

ಸೂಜಿಯ ಎಚ್ಚರಿಕೆಯ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ. ಡಬ್ಬಿ ತೆರೆಯುವಾಗ ಎಣಿಸಬೇಕು, ಮುಚ್ಚುವಾಗ ಎಣಿಸಬೇಕು, ಕೈಯಲ್ಲಿಲ್ಲದ ಸೂಜಿ ಪಿನ್‌ದಿಂಬಿನಲ್ಲಿರಬೇಕು, ಬಾಯಲ್ಲಂತೂ ಎಂದೂ ಅಲ್ಲ. ಉಕ್ಕಿನ ಸೂಜಿ ಬಿದ್ದರೆ ಹುಡುಕಲು ಒಂದು ಅಯಸ್ಕಾಂತ ಡಬ್ಬಿಯಲ್ಲೇ ಇರಲಿ.

ಯಂತ್ರದ ಬಗ್ಗೆ ಅವಳು ಕೇಳಿದ ಪ್ರಶ್ನೆ ಬಹಳ ಚೆನ್ನಾಗಿತ್ತು: "ಅಮ್ಮ, ಅದರ ಸೂಜಿ ಪೂರ್ತಿಯಾಗಿ ಆ ಕಡೆಗೆ ಹೋಗುವುದೇ ಇಲ್ಲವಲ್ಲ, ಮತ್ತೆ ಹೊಲಿಗೆ ಹೇಗೆ ಬೀಳುತ್ತದೆ?" ಕೈಯಿಂದ ಹೊಲಿದವರಿಗೆ ಮಾತ್ರ ಈ ಅನುಮಾನ ಬರಲು ಸಾಧ್ಯ. ಉತ್ತರವನ್ನು ಬಾಯಲ್ಲಿ ಹೇಳುವ ಬದಲು ಮೇಲೆ ಕೆಂಪು ದಾರ, ಬಾಬಿನ್ನಿಗೆ, ಅಂದರೆ ಅಡಿಯ ದಾರ ಸುತ್ತಿಡುವ ಪುಟ್ಟ ಉರುಳೆಗೆ, ನೀಲಿ ದಾರ ಹಾಕಿ, ಅಡಿಯ ಮುಚ್ಚಳ ತೆಗೆದು, ಚಕ್ರವನ್ನು ಕೈಯಿಂದ ಮೆಲ್ಲಗೆ ತಿರುಗಿಸಿ ತೋರಿಸಿದೆ. ಯಂತ್ರದ ಸೂಜಿಗೆ ಕಣ್ಣಿರುವುದು ಚೂಪಾದ ತುದಿಯ ಬಳಿ. ಸೂಜಿ ಬಟ್ಟೆಯನ್ನು ದಾಟಿ ಇಳಿದು ತುಸು ಮೇಲಕ್ಕೆ ಏಳುವಾಗ ಕೆಂಪು ದಾರ ಪುಟ್ಟ ಕುಣಿಕೆಯಾಗಿ ಉಬ್ಬುತ್ತದೆ. ತಿರುಗುತ್ತಿರುವ ಕೊಕ್ಕೆ ಅದನ್ನು ಹಿಡಿದು ಅಗಲಿಸಿ ಇಡೀ ಬಾಬಿನ್ನಿನ ಸುತ್ತ ಹಾಯಿಸಿಬಿಡುತ್ತದೆ, ಹೀಗೆ ನೀಲಿ ದಾರ ಕೆಂಪು ಕುಣಿಕೆಯೊಳಗೆ ಸಿಕ್ಕಿಕೊಳ್ಳುತ್ತದೆ. ಸೂಜಿ ಬಟ್ಟೆಯನ್ನು ಪೂರ್ತಿಯಾಗಿ ದಾಟಿಹೋಗಬೇಕಿಲ್ಲ, ಬಾಬಿನ್ನೇ ಕುಣಿಕೆಯನ್ನು ದಾಟುತ್ತದೆ. ತುದಿಯಲ್ಲಿ ಕಣ್ಣಿರುವ ಸೂಜಿ ಮತ್ತು ಎರಡು ದಾರಗಳ ಈ ಹೆಣಿಗೆಯ ಯಂತ್ರಕ್ಕೆ ಅಮೆರಿಕದ ಎಲಿಯಾಸ್ ಹೋವ್ 1846ರಲ್ಲಿ ಪೇಟೆಂಟ್ ಪಡೆದರು. ಮೇಲಿನ ದಾರದ ಬಿಗಿಯನ್ನು ಹೆಚ್ಚಿಸಿದಾಗ ನೀಲಿ ಚುಕ್ಕೆಗಳು ಮೇಲೆ ಕಾಣಿಸಿಕೊಂಡದ್ದನ್ನೂ, ಸಡಿಲಿಸಿದಾಗ ಕೆಂಪು ಅಡಿಗೆ ಇಳಿದದ್ದನ್ನೂ ಅವಳು ಬಟ್ಟೆ ತಿರುಗಿಸಿ ತಿರುಗಿಸಿ ನೋಡಿದಳು. ಯಂತ್ರದ ಟೆನ್ಷನ್ ಎಂದರೆ ಏನೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಹಾಗಿದ್ದರೂ ಅವಳನ್ನು ಯಂತ್ರದ ಮುಂದೆ ಒಬ್ಬಳೇ ಕೂರಿಸುವ ಆತುರ ನನಗಿಲ್ಲ. ಮನೆಬಳಕೆಯ ವಿದ್ಯುತ್ ಯಂತ್ರ ನಿಮಿಷಕ್ಕೆ ನೂರಾರು ಹೊಲಿಗೆ ಹಾಕುತ್ತದೆ. ಕಾಲಿನ ಒತ್ತಡವನ್ನೂ ಕೈಯ ದಿಕ್ಕನ್ನೂ ಒಟ್ಟಿಗೆ ನಿಭಾಯಿಸುವುದು ಆರು ವರ್ಷಕ್ಕೆ ಹೆಚ್ಚಿನ ಹೊರೆ. ಸದ್ಯಕ್ಕೆ ದಾರವಿಲ್ಲದ ಹಳೆಯ ಸೂಜಿ ಹಾಕಿ, ಗೆರೆ ಎಳೆದ ಕಾಗದವನ್ನು ಯಂತ್ರದ ಅಡಿಗೆ ಕೊಟ್ಟು, ಅವಳು ಕಾಗದ ನಡೆಸುವಾಗ ನಾನು ಚಕ್ರವನ್ನು ಕೈಯಿಂದ ತಿರುಗಿಸುತ್ತೇನೆ. ತೂತುಗಳ ಸಾಲು ಗೆರೆಯ ಮೇಲಿದೆಯೇ ಎಂದು ಕಾಗದವನ್ನು ಬೆಳಕಿಗೆ ಹಿಡಿದು ಅವಳೇ ನೋಡಿಕೊಳ್ಳುತ್ತಾಳೆ.

ಈಗ ಮೇಜಿನ ಮೇಲಿರುವುದು ಅವಳದೇ ದಿಂಬಿಗೆ ಒಂದು ಚೀಲ. ದಿಂಬಿನ ಅಳತೆಯನ್ನು ಟೇಪಿನಲ್ಲಿ ಅವಳೇ ಅಳೆದು ಬರೆದುಕೊಂಡಿದ್ದಾಳೆ, ಹೊಲಿಗೆಗೆಂದು ಪ್ರತಿ ಬದಿಗೂ ಒಂದೂವರೆ ಸೆಂಟಿಮೀಟರ್ ಸೇರಿಸಬೇಕೆಂದು ನಾನು ಹೇಳಿದ್ದೇನೆ. ಉದ್ದದ ಬದಿಗಳನ್ನು ಯಂತ್ರದಲ್ಲಿ ನಾನು ಹೊಲಿಯುತ್ತೇನೆ, ಬಾಯಿಯ ಅಂಚನ್ನು ಎರಡು ಸಲ ಮಡಚಿ ಕೈಯಿಂದ ಹೊಲಿಯುವುದು ಅವಳ ಪಾಲು. ದಿಂಬನ್ನು ತುರುಕುವಾಗಲೂ ತೆಗೆಯುವಾಗಲೂ ಹೆಚ್ಚು ಜಗ್ಗಾಟ ಬೀಳುವುದು ಆ ಬಾಯಿಗೇ ಆದ್ದರಿಂದ, ಅಲ್ಲಿ ರನ್ನಿಂಗ್ ಸ್ಟಿಚ್ ಸಾಕೇ, ಬ್ಯಾಕ್ ಸ್ಟಿಚ್ ಬೇಕೇ ಎಂದು ಕೇಳಿದೆ. ಬ್ಯಾಕ್ ಸ್ಟಿಚ್ ಬಹಳ ಹೊತ್ತು ಹಿಡಿಯುತ್ತದೆ, ಮೊದಲು ರನ್ನಿಂಗ್ ಸ್ಟಿಚ್ ಹಾಕಿ ದಿಂಬು ತುರುಕಿ ನೋಡೋಣ, ಬಿಟ್ಟುಕೊಂಡರೆ ಆಮೇಲೆ ಬದಲಾಯಿಸಿದರಾಯಿತು ಎಂದಳು.